ವೇಷಗಳ ಅದಲುಬದಲು: ಎಡಿನ್‌ಬರೊದಲ್ಲಿ ಮಕ್ಕಳೊಂದಿಗೆ ಪ್ಲಾಸ್ಟಿಕ್ ತಗ್ಗಿಸಿದ ಹ್ಯಾಲೋವೀನ್

ಎಡಿನ್‌ಬರೊ ನಗರದ ನಮ್ಮ ಬಡಾವಣೆಯಲ್ಲಿ ಪೋಷಕರೇ ಕೂಡಿ ನಡೆಸುವ ವೇಷಗಳ ಅದಲುಬದಲು ಮೇಳಕ್ಕೆ 2023 ಮತ್ತು 2024ರಲ್ಲಿ ನನ್ನ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬದ ಸಂಜೆ ತಿನಿಸಿಗಾಗಿ ಮನೆಮನೆಗೆ ಹೋಗುವಾಗ ಮಕ್ಕಳು ತೊಡುವ ಭೂತ, ಮಾಟಗಾತಿ, ಅಸ್ಥಿಪಂಜರ, ಬಾವಲಿಗಳ ಉಡುಪನ್ನು ಹೊಸದಾಗಿ ಕೊಳ್ಳದೆ, ಒಂದು ಮನೆಯಲ್ಲಿ ಅಳತೆಗೆ ಚಿಕ್ಕದಾದದ್ದನ್ನು ಇನ್ನೊಂದು ಮನೆಯ ಮಗುವಿಗೆ ಒದಗಿಸುವ ವ್ಯವಸ್ಥೆ ಇದು. ಬ್ರಿಟನ್ನಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡ ಕುಟುಂಬಗಳು ತಮ್ಮ ಊರಿನಲ್ಲಿಯೂ ಇಂಥದ್ದು ನಡೆಯುತ್ತದೆಯೇ ಎಂದು ಸೆಪ್ಟೆಂಬರಿನಲ್ಲೇ ವಿಚಾರಿಸಿಕೊಳ್ಳಲಿ ಎಂಬ ಆಸೆಯಿಂದ, ಅದರ ಗುಣವನ್ನೂ ಕೊರತೆಯನ್ನೂ ನಾನು ಕಂಡಂತೆ ಬರೆಯುತ್ತಿದ್ದೇನೆ.

ಅಲ್ಲಿಗೆ ಹೋಗುವಂತೆ ಮಾಡಿದ್ದು 2022ರ ಅನುಭವ. ಆ ವರ್ಷ ದೊಡ್ಡ ಅಂಗಡಿಯೊಂದರಲ್ಲಿ ಹನ್ನೆರಡು ಪೌಂಡ್ ಕೊಟ್ಟು ಮಗಳಿಗೆ ಮಾಟಗಾತಿಯ ನಿಲುವಂಗಿ ತಂದಿದ್ದೆ. ಮೂರನೆಯ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಕಂಕುಳ ಹೊಲಿಗೆ ಬಿಚ್ಚಿಕೊಂಡಿತು; ಟೊಪ್ಪಿಗೆಗೆ ಅಂಟಿಸಿದ್ದ ಬೆಳ್ಳಿಬಣ್ಣದ ಪುಡಿ ಮನೆಯ ನೆಲಹಾಸಿನಲ್ಲಿ ಡಿಸೆಂಬರಿನವರೆಗೂ ಮಿನುಗುತ್ತಿತ್ತು. ಉಡುಪಿನ ಒಳಚೀಟಿಯಲ್ಲಿ ನೂರಕ್ಕೆ ನೂರು ಪಾಲಿಯೆಸ್ಟರ್ ಎಂದಿತ್ತು. ನೀರಿನ ಬಾಟಲಿ ಯಾವ ಪ್ಲಾಸ್ಟಿಕ್ಕಿನಿಂದ ಆಗುತ್ತದೆಯೋ ಅದನ್ನೇ ಎಳೆಯಾಗಿ ನೂತರೆ ಪಾಲಿಯೆಸ್ಟರ್ ಬಟ್ಟೆಯಾಗುತ್ತದೆ ಎಂಬುದು ನಮಗೆ ಸಾಮಾನ್ಯವಾಗಿ ಹೊಳೆಯುವುದಿಲ್ಲ, ಏಕೆಂದರೆ ಕೈಗೆ ಅದು ಬಟ್ಟೆಯಂತೆಯೇ ಹತ್ತುತ್ತದೆ. ಹಬಬ್ ಮತ್ತು ಫೇರಿಲ್ಯಾಂಡ್ ಟ್ರಸ್ಟ್ ಎಂಬ ಬ್ರಿಟನ್ನಿನ ಎರಡು ದತ್ತಿ ಸಂಸ್ಥೆಗಳು 2019ರಲ್ಲಿ 19 ಮಾರಾಟಗಾರರ 324 ಹ್ಯಾಲೋವೀನ್ ಉಡುಪುಗಳನ್ನು ಪರಿಶೀಲಿಸಿದಾಗ, ಅವುಗಳಲ್ಲಿದ್ದ ವಸ್ತುವಿನ ಶೇ. 83ರಷ್ಟು ಪೆಟ್ರೋಲಿಯಂ ಮೂಲದ ಪ್ಲಾಸ್ಟಿಕ್ ಆಗಿತ್ತು. ಆ ಲೆಕ್ಕದಲ್ಲಿ ಬ್ರಿಟನ್ನಿನಲ್ಲಿ ಒಂದು ಹಬ್ಬದ ಉಡುಪುಗಳಿಂದಲೇ 2,077 ಟನ್ ಪ್ಲಾಸ್ಟಿಕ್ ಕಸ, ಅಂದರೆ 8.3 ಕೋಟಿ ಬಾಟಲಿಗಳಿಗೆ ಸಮನಾದದ್ದು, ಹುಟ್ಟುತ್ತದೆ ಎಂದು ಅವು ಅಂದಾಜಿಸಿದವು. ಹ್ಯಾಲೋವೀನ್ ಕಸವೆಂದರೆ ಮಿಠಾಯಿಯ ಹೊದಿಕೆ ಮಾತ್ರ ಎಂದುಕೊಂಡಿದ್ದ ನನಗೆ, ಮಗಳ ಮೈಮೇಲಿದ್ದ ಆ ಕಪ್ಪು ನಿಲುವಂಗಿಯೇ ಮನೆಯ ಅತಿ ದೊಡ್ಡ ಪ್ಲಾಸ್ಟಿಕ್ ಸಾಮಾನು ಎಂಬುದು ಆಗ ತಿಳಿಯಿತು.

ಮೇಳ ನಡೆಯುವುದು ಅಕ್ಟೋಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಸಮುದಾಯ ಭವನದ ಸಭಾಂಗಣದಲ್ಲಿ. ಅದಕ್ಕೂ ಹದಿನೈದು ದಿನ ಮೊದಲು ಭವನದ ಬಾಗಿಲ ಬಳಿ ಎರಡು ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ಇರಿಸುತ್ತಾರೆ; ಒಗೆದು ಒಣಗಿಸಿದ ವೇಷಗಳನ್ನು, ಮನೆಗೆ ಗರಿಷ್ಠ ಮೂರರಂತೆ, ಅದರೊಳಗೆ ಹಾಕಬೇಕು. ಕೊಟ್ಟ ಪ್ರತಿಯೊಂದು ಉಡುಪಿಗೂ ರಟ್ಟಿನ ಒಂದು ಬಿಲ್ಲೆ ಸಿಗುತ್ತದೆ, ಮೇಳದ ದಿನ ಆ ಬಿಲ್ಲೆಗೆ ಒಂದು ಉಡುಪು. ಕೊಡಲು ಏನೂ ಇಲ್ಲದವರು ಬರಿಗೈಯಲ್ಲಿ ಬಂದು ಒಂದನ್ನು ಆರಿಸಿಕೊಳ್ಳಬಹುದು. ಹಾಗೆ ಬಂದವರನ್ನು ಯಾರೂ ಗುರುತಿಸದಂತೆ, ಒಳಗೆ ಕಾಲಿಡುವಾಗಲೇ ಎಲ್ಲರ ಕೈಗೂ ಮುಚ್ಚಿದ ಕಾಗದದ ಲಕೋಟೆಯಲ್ಲಿ ಬಿಲ್ಲೆ ಕೊಡುತ್ತಾರೆ. ಈ ಒಂದು ಏರ್ಪಾಡಿಗಾಗಿ ನಾನು ಆ ಪೋಷಕರನ್ನು ಮನಸಾರೆ ಮೆಚ್ಚುತ್ತೇನೆ. ಹೊಸದಾಗಿ ಈ ದೇಶಕ್ಕೆ ಬಂದು, ಮನೆ ಬಾಡಿಗೆ ಕಟ್ಟುವುದೇ ಕಷ್ಟವಾಗಿರುವ ತಾಯಿಗೆ, ಶಾಲೆಯಲ್ಲಿ ಎಲ್ಲ ಮಕ್ಕಳೂ ವೇಷ ತೊಡುವ ದಿನ ಎಂಥ ಸಂಕಟ ತರುತ್ತದೆ ಎಂಬುದನ್ನು ಬಲ್ಲವರು ಮಾತ್ರ ಇಂಥ ಲಕೋಟೆಯನ್ನು ಯೋಚಿಸಬಲ್ಲರು.

ಸಭಾಂಗಣದ ಉದ್ದಕ್ಕೂ ಬಟ್ಟೆ ತೂಗುಹಾಕುವ ಕಂಬಿಗಳಲ್ಲಿ ಉಡುಪುಗಳನ್ನು ವಯಸ್ಸಿನ ಪ್ರಕಾರ ಜೋಡಿಸಿರುತ್ತಾರೆ. ಒಂದು ಮೂಲೆಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡು ಇಬ್ಬರು ಹಿರಿಯ ಮಹಿಳೆಯರು ಕುಳಿತಿರುತ್ತಾರೆ. ಬಿಚ್ಚಿದ ಹೊಲಿಗೆ, ಕಿತ್ತ ಗುಂಡಿ, ಉದ್ದವಾದ ಅಂಚು, ಎಲ್ಲವನ್ನೂ ಅಲ್ಲೇ ಸರಿಪಡಿಸಿಕೊಡುತ್ತಾರೆ. ನನ್ನ ಮಗಳ ಆ ಮಾಟಗಾತಿ ನಿಲುವಂಗಿಯ ಕಂಕುಳನ್ನು ಅವರಲ್ಲೊಬ್ಬರು ಒಳಗಿನಿಂದ ಹತ್ತಿಯ ಪಟ್ಟಿ ಕೊಟ್ಟು ಹೊಲಿದ ಮೇಲೆ ಅದು ಕೊಂಡ ದಿನಕ್ಕಿಂತ ಗಟ್ಟಿಯಾಯಿತು. 2023ರಲ್ಲಿ ಅದು ಬೇರೆ ಮಗುವಿನ ಮೈಮೇಲೆ ನಮ್ಮ ಬಾಗಿಲಿಗೇ ಬಂದು ನಿಂತಾಗ ಮಗಳಿಗೆ ಆದ ಸಂತೋಷವನ್ನು ನಾನು ಮರೆಯಲಾರೆ.

ಕೊರತೆಗಳೂ ಇವೆ. ಮೂರರಿಂದ ಆರು ವರ್ಷದವರ ಉಡುಪುಗಳು ರಾಶಿ ಬಿದ್ದಿರುತ್ತವೆ, ಎಂಟರ ಮೇಲಿನವು ಬೆರಳೆಣಿಕೆಯಷ್ಟು; ದೊಡ್ಡ ಮಕ್ಕಳ ವೇಷ ತೊಟ್ಟು ತೊಟ್ಟು ಹರಿದಿರುವುದರಿಂದ ಅದು ಹಿಂದಿರುಗಿ ಬರುವುದೇ ಕಡಿಮೆ. ಬಾಗಿಲು ತೆರೆದ ಅರ್ಧ ಗಂಟೆಯಲ್ಲಿ ಒಳ್ಳೆಯವು ಖಾಲಿಯಾಗುತ್ತವೆ, ಶನಿವಾರ ಬೆಳಿಗ್ಗೆ ಕೆಲಸವಿರುವ ಪೋಷಕರು ಉಳಿದುದಕ್ಕೆ ತೃಪ್ತಿಪಡಬೇಕಾಗುತ್ತದೆ. ಸಂಜೆಯ ಒಂದು ಹೊತ್ತನ್ನೂ ಇಟ್ಟುಕೊಂಡರೆ ಅದು ನ್ಯಾಯ. ಇವೆರಡಕ್ಕಿಂತ ಮುಖ್ಯವಾದ ಮಾತೆಂದರೆ, ಅಲ್ಲಿ ತೂಗಾಡುವ ಬಹುಪಾಲು ಉಡುಪುಗಳೂ ಅದೇ ಪಾಲಿಯೆಸ್ಟರಿನವು. ಅದಲುಬದಲಿನಿಂದ ಪ್ಲಾಸ್ಟಿಕ್ ಮಾಯವಾಗುವುದಿಲ್ಲ, ಒಂದು ಸಂಜೆಯ ಬಾಳಿಕೆ ಆರೇಳು ವರ್ಷಗಳಿಗೆ ಹಿಗ್ಗುತ್ತದೆ, ಅಷ್ಟೆ. ಆದರೆ ಜಗತ್ತಿನಲ್ಲಿ ಬಟ್ಟೆಗೆ ಬಳಸುವ ವಸ್ತುವಿನ ನೂರರಲ್ಲಿ ಒಂದು ಪಾಲು ಕೂಡ ಮರಳಿ ಹೊಸ ಬಟ್ಟೆಯಾಗುವುದಿಲ್ಲ ಎಂದು ಎಲೆನ್ ಮ್ಯಾಕ್‌ಆರ್ಥರ್ ಪ್ರತಿಷ್ಠಾನ 2017ರಲ್ಲಿ ತೋರಿಸಿಕೊಟ್ಟಿದೆ. ಆದ್ದರಿಂದ ಮರುಬಳಕೆಯ ಬಾಟಲಿಯಿಂದ ಮಾಡಿದ್ದು ಎಂಬ ಹಸಿರು ಚೀಟಿ ಹೊತ್ತು ಬರುವ ಹೊಸ ವೇಷಕ್ಕಿಂತ, ಐದು ಮಕ್ಕಳು ತೊಟ್ಟು ಬಣ್ಣ ಮಾಸಿದ ಹಳೆಯ ವೇಷವೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಸುರಕ್ಷತೆಯ ವಿಷಯದಲ್ಲಿ ಮೇಳದವರು ಇನ್ನಷ್ಟು ಬಿಗಿಯಾಗಬೇಕು. ಬ್ರಿಟನ್ನಿನ ಕಾನೂನಿನಲ್ಲಿ ಮಕ್ಕಳ ವೇಷದ ಉಡುಪು ಆಟಿಕೆ ಎಂದು ಪರಿಗಣಿತವಾಗಿದೆ. ಮಕ್ಕಳ ರಾತ್ರಿಯುಡುಪಿಗೆ ಇರುವಷ್ಟು ಕಠಿಣವಾದ ಬೆಂಕಿ ಪರೀಕ್ಷೆಯನ್ನು ಅದಕ್ಕೆ ಕಡ್ಡಾಯ ಮಾಡಿಲ್ಲ. ಪಾಲಿಯೆಸ್ಟರ್ ಉರಿಯುವಾಗ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ತೆಳುವಾದ ಜಾಲರಿ ಬಟ್ಟೆ ಬಹುಬೇಗ ಹೊತ್ತಿಕೊಳ್ಳುತ್ತದೆ. ಹಾಗಾಗಿ ಒಳಚೀಟಿ ಕತ್ತರಿಸಿಹಾಕಿದ ಉಡುಪನ್ನು ನಾನು ಆರಿಸುವುದಿಲ್ಲ, ನೆಲ ಗುಡಿಸುವಷ್ಟು ಉದ್ದದ ಸೆರಗು, ಜೋಲುವ ತೋಳುಗಳನ್ನು ಹೊಲಿಗೆಯವರ ಬಳಿ ಮೊಟಕು ಮಾಡಿಸುತ್ತೇನೆ, ಒಳಗೆ ಉಣ್ಣೆಯ ಅಥವಾ ಹತ್ತಿಯ ದಪ್ಪ ಉಡುಪು ಹಾಕಿಸುತ್ತೇನೆ. ಸ್ಕಾಟ್ಲೆಂಡಿನ ಅಕ್ಟೋಬರ್ ಚಳಿಗೆ ಅದು ಹೇಗೂ ಬೇಕು.

2024ರಲ್ಲಿ ಮಗಳಿಗೆ ಸಿಕ್ಕಿದ್ದು ಬಾವಲಿಯ ರೆಕ್ಕೆ. ಯಾರೋ ಹಳೆಯ ಕಪ್ಪು ಕೊಡೆಯೊಂದರ ಬಟ್ಟೆಯನ್ನು ಬಿಡಿಸಿ, ಅದರ ಅಂಚಿನ ಕಮಾನುಗಳನ್ನು ಹಾಗೆಯೇ ಉಳಿಸಿಕೊಂಡು, ಹತ್ತಿಯ ಅಂಗಿಯೊಂದರ ತೋಳುಗಳಿಗೆ ಹೊಲಿದಿದ್ದರು. ಆರು ವರ್ಷದ ಮಗನಿಗೆ ಅಲ್ಲಿದ್ದ ಯಾವುದೂ ಹಿಡಿಸಲಿಲ್ಲ. ತನಗೆ ಅಜ್ಜಿ ಹೇಳಿದ ಕಥೆಯ ದೆವ್ವವೇ ಆಗಬೇಕು ಎಂದು ಹಟ ಹಿಡಿದ. ರಾತ್ರಿ ಬಂದು, ಪರಿಚಿತರ ದನಿಯಲ್ಲಿ ಕರೆದು ಬಾಗಿಲು ತಟ್ಟುವ ದೆವ್ವವನ್ನು ಹಿಂದಕ್ಕೆ ಕಳುಹಿಸಲು ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದ ಕಥೆ ಅದು. ಕರ್ನಾಟಕದಲ್ಲಿ ಬೆಳೆದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ನನ್ನ ಬಳಿ ಇದ್ದ, ಅಲ್ಲಲ್ಲಿ ಜಾಳಾದ ಬಿಳಿಯ ನೂಲಿನ ಸೀರೆಯೊಂದನ್ನು ಅವನ ಎತ್ತರಕ್ಕೆ ಕತ್ತರಿಸಿ, ಕುತ್ತಿಗೆಯ ಬಳಿ ನೆರಿಗೆ ಹಿಡಿದು ಹೊಲಿದೆ. ರಟ್ಟಿನ ಹಲಗೆಗೆ ಕಪ್ಪು ಬಣ್ಣ ಬಳಿದು, ಸೀಮೆಸುಣ್ಣದಲ್ಲಿ ಅವನೇ ದೊಡ್ಡ ಅಕ್ಷರಗಳಲ್ಲಿ ‘ನಾಳೆ ಬಾ’ ಎಂದು ಬರೆದ. ಅವನು ಕನ್ನಡದಲ್ಲಿ ಯಾರ ಒತ್ತಾಯವೂ ಇಲ್ಲದೆ ಬರೆದ ಮೊದಲ ಎರಡು ಪದಗಳು ಅವು.

ಸ್ಕಾಟ್ಲೆಂಡಿನ ಪದ್ಧತಿಯಲ್ಲಿ ಮಕ್ಕಳು ಸುಮ್ಮನೆ ಚೀಲ ಚಾಚುವಂತಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಇಲ್ಲಿ ಇದನ್ನು ‘ಗೈಸಿಂಗ್’ ಎನ್ನುತ್ತಾರೆ. ವೇಷ ತೊಟ್ಟು ಬಂದ ಮಗು ಬಾಗಿಲಲ್ಲಿ ಒಂದು ಹಾಡನ್ನೋ ಪದ್ಯವನ್ನೋ ನಗೆಹನಿಯನ್ನೋ ಒಪ್ಪಿಸಿದ ಮೇಲೆಯೇ ಮನೆಯವರು ತಿನಿಸು ಕೊಡುತ್ತಾರೆ. ಹಿಂದೆ ಒಲೆಯ ಮಸಿಯನ್ನು ಮುಖಕ್ಕೆ ಬಳಿದುಕೊಂಡು, ದೊಡ್ಡವರ ಹಳೆಯ ಕೋಟನ್ನು ಮಗುಚಿ ತೊಟ್ಟರೆ ವೇಷ ಮುಗಿಯುತ್ತಿತ್ತು. ತೀರ್ಥಹಳ್ಳಿಯ ಕಡೆಯ ನನಗೆ ಇದನ್ನು ನೋಡಿದಾಗಲೆಲ್ಲ, ದೀಪಾವಳಿಯ ರಾತ್ರಿಗಳಲ್ಲಿ ದೀಪ ಹಿಡಿದು ಮನೆಮನೆಗೆ ಬಂದು, ಜಗಲಿಯಲ್ಲಿ ನಿಂತು ಹಾಡಿ, ಅಕ್ಕಿ, ಎಣ್ಣೆ, ಕಾಣಿಕೆ ಪಡೆದು ಮುಂದಿನ ಊರಿಗೆ ಹೋಗುವ ಅಂಟಿಗೆ-ಪಂಟಿಗೆಯವರು ನೆನಪಾಗುತ್ತಾರೆ. 2024ರಲ್ಲಿ ಅಕ್ಟೋಬರ್ 31 ಗುರುವಾರವೇ ನರಕ ಚತುರ್ದಶಿಯೂ ಆಗಿತ್ತು. ಬೆಳಿಗ್ಗೆ ಎಣ್ಣೆಸ್ನಾನ ಮಾಡಿ ಶಾಲೆಗೆ ಹೋದ ಮಕ್ಕಳು ಸಂಜೆ ದೆವ್ವವಾಗಿ, ಬಾವಲಿಯಾಗಿ ಬೀದಿಗೆ ಇಳಿದರು. ಮಗ ಪ್ರತಿ ಬಾಗಿಲಲ್ಲೂ ತನ್ನ ಹಲಗೆ ಎತ್ತಿ ಹಿಡಿದು, ‘ನಾಳೆ ಬಾ’ ಎಂದರೆ ಏನೆಂದು ಇಂಗ್ಲಿಷಿನಲ್ಲಿ ಕಥೆ ಹೇಳಿದ. ಒಬ್ಬ ವೃದ್ಧರು ಕಥೆಯನ್ನು ಪೂರ್ತಿ ಕೇಳಿ, ತಮ್ಮ ಬಾಗಿಲಿಗೂ ಅದನ್ನು ಬರೆದುಕೊಡುವಂತೆ ಅವನನ್ನು ಕೇಳಿದರು. ಮಕ್ಕಳಿಗೆ ನೆನಪಿನಲ್ಲಿ ಉಳಿದಿರುವುದು ಅದು. ಆ ಸಂಜೆ ಎಷ್ಟು ಮಿಠಾಯಿ ಸಿಕ್ಕಿತೆಂದು ಅವರು ಒಮ್ಮೆಯೂ ಹೇಳಿಲ್ಲ.

ಮಿಠಾಯಿಯ ಹೊದಿಕೆಗಳ ವಿಷಯಕ್ಕೆ ಬಂದರೆ, ಮೇಳದಲ್ಲಿ ಪೋಷಕರೊಬ್ಬರು ಒಂದು ಮೇಜಿನ ಮೇಲೆ ಬಗೆಬಗೆಯ ಹೊದಿಕೆಗಳನ್ನು ಹರಡಿ ಮಕ್ಕಳಿಗೆ ಕಲಿಸುತ್ತಿದ್ದ ಪರೀಕ್ಷೆ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಹೊಳೆಯುವ ಹೊದಿಕೆಯನ್ನು ಮುಷ್ಟಿಯಲ್ಲಿ ಹಿಸುಕಿ ಬಿಡಬೇಕು: ಉಂಡೆಯಾಗಿಯೇ ಉಳಿದರೆ ಅದು ಅಲ್ಯೂಮಿನಿಯಂ ಹಾಳೆ, ಮರುಬಳಕೆಗೆ ಹೋಗಬಲ್ಲದು, ಮತ್ತೆ ಬಿಚ್ಚಿಕೊಂಡರೆ ಅದು ಲೋಹದ ತೆಳುಲೇಪವಿರುವ ಪ್ಲಾಸ್ಟಿಕ್, ಮನೆ ಬಾಗಿಲಿಗೆ ಬರುವ ಮರುಬಳಕೆ ತೊಟ್ಟಿಗೆ ಸೇರದು. ಪದರ ಪದರವಾಗಿ ಬೇರೆ ಬೇರೆ ವಸ್ತುಗಳನ್ನು ಬೆಸೆದಿರುವ ಈ ಪುಟ್ಟ ಹೊದಿಕೆಗಳನ್ನು ಬೇರ್ಪಡಿಸಲು ತಗಲುವ ಖರ್ಚು ಅವುಗಳಿಂದ ಸಿಗುವ ಬೆಲೆಗಿಂತ ಹೆಚ್ಚು. ಈಗ ನಾವು ನಮ್ಮ ಬಾಗಿಲಿಗೆ ಬರುವ ಮಕ್ಕಳಿಗೆ ಕಾಗದದಲ್ಲಿ ಸಿಗುವುದನ್ನೇ ಕೊಡುತ್ತೇವೆ. ಸ್ಮಾರ್ಟೀಸ್ 2021ರಿಂದ ಕಾಗದದ ಪೊಟ್ಟಣದಲ್ಲಿದೆ. ಯಾರ್ಕ್‌ಷರ್‌ನ ಹ್ಯಾಲಿಫ್ಯಾಕ್ಸ್‌ನಲ್ಲಿ 1936ರಿಂದ ತಯಾರಾಗುತ್ತಿರುವ ಕ್ವಾಲಿಟಿ ಸ್ಟ್ರೀಟ್ ಎಂಬ ಮಿಠಾಯಿಗಳ ಬಣ್ಣಬಣ್ಣದ ಹೊದಿಕೆಗಳನ್ನು ಕಾಗದಕ್ಕೆ ಬದಲಾಯಿಸುವ ಕೆಲಸ 2022ರಲ್ಲಿ ಶುರುವಾಯಿತು. ಸ್ಕಾಟ್ಲೆಂಡಿನದೇ ಆದ, ಬಿಸ್ಕತ್ತಿನ ಮೇಲೆ ಸಿಹಿ ನೊರೆ ತುಂಬಿ ಚಾಕೊಲೇಟ್ ಹೊದಿಸಿದ ಟನಕ್ಸ್ ಟೀಕೇಕಿನ ಹೊದಿಕೆ ಅಲ್ಯೂಮಿನಿಯಂ ಹಾಳೆಯದು, ಹಿಸುಕಿದರೆ ಉಂಡೆಯಾಗಿ ಉಳಿಯುತ್ತದೆ. ಆದರೆ ಒಳಗಿನ ಬಿಳಿ ನೊರೆಯಲ್ಲಿ ಮೊಟ್ಟೆಯ ಬಿಳಿಭಾಗವಿರುವುದನ್ನು ಮೊಟ್ಟೆ ತಿನ್ನದವರು ಗಮನಿಸಬೇಕು. ಜಗಿಯುವ ಮೆತ್ತನೆಯ ಮಿಠಾಯಿಗಳಲ್ಲಿ ಹಲವಕ್ಕೆ ಪ್ರಾಣಿಜನ್ಯ ಜೆಲಟಿನ್ ಹಾಕಿರುತ್ತಾರೆ ಎಂಬುದೂ ನಮ್ಮಂಥ ಸಸ್ಯಾಹಾರಿ ಮನೆಗಳು ನೋಡಿಕೊಳ್ಳಬೇಕಾದ ಸಂಗತಿ.

ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಇಲ್ಲಿನ ಹಳೆಯ ರೂಢಿ: ಗೈಸಿಂಗಿಗೆ ಬಂದ ಮಕ್ಕಳಿಗೆ ಸೇಬು, ಸಣ್ಣ ಕಿತ್ತಳೆ ಮತ್ತು ಸಿಪ್ಪೆಸಹಿತ ಕಡಲೆಕಾಯಿ ಕೊಡುವುದು. ಕಡಲೆಕಾಯಿಯನ್ನು ಇವರು ‘ಮಂಕಿ ನಟ್ಸ್’ ಎನ್ನುತ್ತಾರೆ. ಅಕ್ಟೋಬರಿನಲ್ಲಿ ಅಂಗಡಿಗಳಲ್ಲಿ ಅದರ ಮೂಟೆಗಳು ಕಾಣಿಸಿಕೊಳ್ಳುತ್ತವೆ. ಬಸವನಗುಡಿಯಲ್ಲಿ ಕಾರ್ತಿಕದ ಕಡೆಯ ಸೋಮವಾರದ ಪರಿಷೆಗೆ ಕಡಲೆಕಾಯಿ ರಾಶಿ ಬೀಳುವುದಕ್ಕೆ ಕೆಲವೇ ವಾರಗಳ ಮೊದಲು ಎಡಿನ್‌ಬರೊದ ಮಕ್ಕಳ ಚೀಲಕ್ಕೂ ಅದೇ ಕಾಯಿ ಬೀಳುವುದು ನನ್ನ ಮಟ್ಟಿಗೆ ಈ ಹಬ್ಬದ ಅತ್ಯಂತ ಸವಿಯಾದ ಸಂಗತಿ. ತನ್ನ ಹೊದಿಕೆಯನ್ನು ತಾನೇ ಹೊತ್ತು ತರುವ ತಿನಿಸು ಅದು. ಕಡಲೆಕಾಯಿ ಒಗ್ಗದ ಮಕ್ಕಳಿಗೆ ಅದು ಪ್ರಾಣಾಪಾಯ ತರಬಲ್ಲದಾದ್ದರಿಂದ ಅದನ್ನು ಬೇರೆ ಬುಟ್ಟಿಯಲ್ಲಿಟ್ಟು, ಕೇಳಿಯೇ ಕೊಡಬೇಕು.

ದೀಪದ ವಿಚಾರದಲ್ಲಿಯೂ ಹಳೆಯದೇ ಉತ್ತಮ. ಕುಂಬಳಕಾಯಿಗೆ ಮುಖ ಕೊರೆದು ಒಳಗೆ ದೀಪವಿಡುವುದು ಅಮೆರಿಕದಿಂದ ಮರಳಿ ಬಂದ ರೂಪ. ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನಲ್ಲಿ ಮೊದಲು ಕೊರೆಯುತ್ತಿದ್ದುದು ಟರ್ನಿಪ್ ಗೆಡ್ಡೆಯನ್ನು. ಸ್ಕಾಟರು ‘ನೀಪ್’ ಎನ್ನುವ ಗೆಡ್ಡೆ ನಮ್ಮ ನವಿಲುಕೋಸಿನ ಬಳಗದ್ದೇ, ಅದಕ್ಕಿಂತ ಬಹಳ ಗಟ್ಟಿ. ಮೇಳದಲ್ಲಿ ಅದನ್ನು ಕೊರೆಯಲು ಕಲಿಸುವ ಮೇಜೂ ಇತ್ತು: ತಲೆಯನ್ನು ಹಿರಿಯರು ಕತ್ತರಿಸಿಕೊಟ್ಟರೆ, ಮಕ್ಕಳು ಗಟ್ಟಿ ಚಮಚದಿಂದ ತಿರುಳನ್ನು ಕೆರೆದು ತೆಗೆಯಬೇಕು. ಒಂದು ಗೆಡ್ಡೆಗೆ ಮುಕ್ಕಾಲು ಗಂಟೆ ಹಿಡಿಯಿತು, ಕೈ ನೋಯಿತು, ಆದರೆ ಒಳಗೆ ದೀಪ ಇಟ್ಟಾಗ ಸುಕ್ಕುಗಟ್ಟಿದ ಆ ಮುಖ ಯಾವ ಕುಂಬಳಕಾಯಿಗಿಂತಲೂ ಭಯಂಕರವಾಗಿತ್ತು. ತಿರುಳನ್ನು ತಂದು ಸಾಸಿವೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಹಾಕಿ, ಕಾಯಿತುರಿ ಉದುರಿಸಿ ಪಲ್ಯ ಮಾಡಿದೆ. ಬ್ಯಾಟರಿಯ ಪ್ಲಾಸ್ಟಿಕ್ ದೀಪಗಳನ್ನು ನಾವು ಕೊಳ್ಳುವುದಿಲ್ಲ. ಅದರೊಳಗಿನ ಗುಂಡಿಯಾಕಾರದ ಬ್ಯಾಟರಿಯನ್ನು ಪುಟ್ಟ ಮಕ್ಕಳು ನುಂಗಿದರೆ ಅನ್ನನಾಳವೇ ಸುಡುತ್ತದೆ. ಬದಲಾಗಿ ದೀಪಾವಳಿಗೆಂದು ಇಟ್ಟಿದ್ದ ಮಣ್ಣಿನ ಹಣತೆಯನ್ನೇ, ಮಕ್ಕಳ ಉಡುಪು ತಾಗದಂತೆ ಕಿಟಕಿಯ ಕಲ್ಲಿನ ಮೇಲೆ, ಗೆಡ್ಡೆಯೊಳಗೆ ಇರಿಸಿದೆವು.

ಕುಂಬಳಕಾಯಿಯನ್ನೂ ಒಂದು ತಂದೆವು, ಆದರೆ ಕೊರೆಯದೆ ಮುಖ ಬರೆದು ಮಾತ್ರ ಇಟ್ಟೆವು, ಇದರಿಂದ ಮುಂದಿನ ವಾರ ಅದು ಹುಳಿಗೂ ಕಡುಬಿಗೂ ಒದಗಿತು, ಬೀಜ ಹುರಿದು ತಿಂದೆವು. ಸಿಪ್ಪೆ ಆಹಾರ ತ್ಯಾಜ್ಯದ ಡಬ್ಬಿಗೆ ಹೋಯಿತು. ಈ ನಗರದ ಆಹಾರ ತ್ಯಾಜ್ಯ ಮಿಲ್ಲರ್‌ಹಿಲ್ ಎಂಬಲ್ಲಿನ ಘಟಕದಲ್ಲಿ ಕೊಳೆತು ಅನಿಲವಾಗಿ, ವಿದ್ಯುತ್ ಆಗುತ್ತದೆ. ಕುಂಬಳವನ್ನು ಪ್ರಾಣಿಗಳು ತಿನ್ನಲಿ ಎಂದು ಕಾಡಿನಲ್ಲಿ ಬಿಟ್ಟುಬರುವವರೂ ಇದ್ದಾರೆ, ಅದು ತಪ್ಪು. ಅದನ್ನು ತಿಂದ ಮುಳ್ಳುಹಂದಿಯಂಥ ಪುಟ್ಟ ಹೆಜ್‌ಹಾಗ್‌ಗಳ ಹೊಟ್ಟೆ ಕೆಡುತ್ತದೆ. ಪೊದೆಗಳ ಮೇಲೆ ಎಳೆದು ಹರಡುವ ಕೃತಕ ಜೇಡರಬಲೆಯಲ್ಲಿ ಹಕ್ಕಿಗಳು ಸಿಕ್ಕಿಕೊಳ್ಳುವುದರಿಂದ ಅದನ್ನೂ ಬಿಟ್ಟು, ಮನೆಯೊಳಗೆ ಉಣ್ಣೆಯ ದಾರದಿಂದ ಬಲೆ ಕಟ್ಟಿದೆವು. ಮುಖಕ್ಕೆ ಹಚ್ಚುವ ಮಿನುಗುಪುಡಿ ಹೆಚ್ಚಾಗಿ ಪ್ಲಾಸ್ಟಿಕ್ಕಿನದೇ. ಬ್ರಿಟನ್ನಿನಲ್ಲಿ ಮೈಕ್ರೊಬೀಡ್ ಎಂಬ ಅತಿ ಸಣ್ಣ ಪ್ಲಾಸ್ಟಿಕ್ ಮಣಿಗಳ ಮೇಲಿನ 2018ರ ನಿಷೇಧ ಹಚ್ಚಿ ತೊಳೆದುಬಿಡುವ ಸಾಮಗ್ರಿಗಳಿಗೆ ಮಾತ್ರ ಅನ್ವಯಿಸುವುದರಿಂದ ಇದು ಅಂಗಡಿಯಲ್ಲಿ ಸಿಗುತ್ತಲೇ ಇದೆ. ಮೇಳದ ಮುಖಬಣ್ಣದ ಮೇಜಿನಲ್ಲಿ ಅದನ್ನು ಇಟ್ಟಿರಲಿಲ್ಲ, ಯಾವ ಮಗುವೂ ಅದನ್ನು ಕೇಳಲಿಲ್ಲ.

ಎರಡು ಮಕ್ಕಳ ವೇಷಕ್ಕೆ ಆ ವರ್ಷ ನಮಗಾದ ಖರ್ಚು, ಭವನದ ಹುಂಡಿಗೆ ಹಾಕಿದ ಐದು ಪೌಂಡ್ ಮಾತ್ರ. ಎಂಟು ವರ್ಷದ ಒಳಗಿನ ಮಕ್ಕಳಿರುವವರಿಗೆ ಈ ಮೇಳವನ್ನು ಯಾವ ಹಿಂಜರಿಕೆಯೂ ಇಲ್ಲದೆ ಶಿಫಾರಸು ಮಾಡುತ್ತೇನೆ. ದೊಡ್ಡ ಮಕ್ಕಳಿರುವವರು ಬಾಗಿಲು ತೆರೆಯುವ ಮೊದಲೇ ಸಾಲಿನಲ್ಲಿ ನಿಲ್ಲಬೇಕು, ಇಲ್ಲವೆ ಹಳೆಯ ಸೀರೆ, ಪಂಚೆ, ಕೊಡೆಗಳನ್ನು ಹುಡುಕಿಕೊಂಡು ಹೊಲಿಗೆಯವರ ಮೇಜಿಗೆ ನೇರವಾಗಿ ಹೋಗಬೇಕು. ಬಾವಲಿಯ ಅಂಗಿಯನ್ನು ಒಗೆದು ಮಡಚುವಾಗ ಅದರ ಕೊರಳ ಒಳಗೆ ಹತ್ತಿಯ ಪಟ್ಟಿಯೊಂದು ಕಂಡಿತು. ಅದರ ಮೇಲೆ ಬೇರೆ ಬೇರೆ ಬಣ್ಣದ ದಾರಗಳಲ್ಲಿ, ಬೇರೆ ಬೇರೆ ಕೈಗಳು 2017, 2018, 2021, 2023 ಎಂದು ಹೊಲಿದಿದ್ದವು. ಮಗಳು ನನ್ನ ಹೊಲಿಗೆ ಡಬ್ಬಿಯಿಂದ ಕುಂಕುಮಬಣ್ಣದ ದಾರ ಆರಿಸಿಕೊಂಡು, ಬೆರಳಿಗೆ ಎರಡು ಬಾರಿ ಸೂಜಿ ಚುಚ್ಚಿಸಿಕೊಂಡು, ಕೆಳಗೆ ಉಳಿದಿದ್ದ ಜಾಗದಲ್ಲಿ 2024 ಎಂದು ಹೊಲಿದಳು.